ನಗರ ಕೃಷಿ ಸಂಸ್ಥೆ ಶುರು ಮಾಡಬೇಕಾ? ಮೊದಲು ಒಂದು ತರಕಾರಿ ಮಡಿ ಮಾಡಿ

ನಗರದಲ್ಲಿ ತರಕಾರಿ ಬೆಳೆಯುವುದನ್ನು ಕಲಿಸುವ ಸಂಸ್ಥೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಓಡುವುದು ಹೆಸರು, ಲೋಗೋ, ನೋಂದಣಿ ಅಂತ. ಅದೆಲ್ಲ ಆಮೇಲೆ. ನ್ಯೂಯಾರ್ಕಿನ ಗ್ರೀನ್ ಗೆರಿಲ್ಲಾಸ್ ಗುಂಪು 1973ರಲ್ಲಿ ಹುಟ್ಟಿದಾಗ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಮಾಡಿದ್ದು ಒಂದು ಖಾಲಿ ಸೈಟಿನ ಕಸ ತೆಗೆದು, ಮಣ್ಣು ತುಂಬಿ, ಗಿಡ ನೆಟ್ಟಿದ್ದು. ಮರುವರ್ಷ ನಗರಾಡಳಿತವೇ ಆ ಜಾಗವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು.

ಹಾಗಂತ ಬೇಲಿ ಹಾರಿ ಅಂತಲ್ಲ. ಜಾಗದವರಿಂದ ಬರಹದಲ್ಲೇ ಒಪ್ಪಿಗೆ ತೆಗೆದುಕೊಳ್ಳಿ. ಎಷ್ಟು ವರ್ಷಕ್ಕೆ, ನೀರಿನ ಬಿಲ್ ಯಾರದು, ಬಿಡಿಸುವುದಾದರೆ ಎಷ್ಟು ತಿಂಗಳು ಮೊದಲೇ ಹೇಳಬೇಕು, ಇಷ್ಟಾದರೂ ಅದರಲ್ಲಿರಲಿ. ಬಾಯಿಮಾತಿನ ಜಾಗ ವಾಪಸ್ ಕೇಳುವುದು ಮಣ್ಣು ಹದಕ್ಕೆ ಬಂದ ಮೇಲೇ!

ಮಣ್ಣು ಪರೀಕ್ಷೆ ತಪ್ಪಿಸಬೇಡಿ. ಹಳೇ ಪೇಂಟ್ ಉದುರಿದ ಕಡೆ, ಗ್ಯಾರೇಜ್ ಇದ್ದ ಕಡೆ ಸೀಸ ಅನ್ನುವ ವಿಷದ ಲೋಹ ಇರಬಹುದು. ಜಾಸ್ತಿ ಇದ್ದರೆ ನೆಲದಲ್ಲಿ ಬೆಳೆಯಬೇಡಿ, ಎತ್ತರದ ಮಡಿ ಕಟ್ಟಿ ಬೇರೆ ಮಣ್ಣು ತುಂಬಿ. ತಾರಸಿಯಾದರೆ ಭಾರದ ಲೆಕ್ಕ ಬೇರೆ: ಒಂದು ಚದರ ಮೀಟರಿಗೆ 30 ಸೆಂಟಿಮೀಟರ್ ಒದ್ದೆ ಮಣ್ಣು ಹಾಕಿದರೆ ಸುಮಾರು 500 ಕೆ.ಜಿ. ಆಗುತ್ತದೆ. ಎಂಜಿನಿಯರ್ ಹೂಂ ಅನ್ನುವ ತನಕ ಚೀಲ ಮೇಲೆ ಹೊರಬೇಡಿ.

ಇನ್ನು ತರಬೇತಿ. ನಿಮ್ಮ ಸಂಸ್ಥೆ ನಿಜಕ್ಕೂ ಹುಟ್ಟುವುದು ಇಲ್ಲೇ. ಒಂದು ದಿನದ ಶಿಬಿರಕ್ಕೆ ಜನ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಮತ್ತೆ ಕಾಣುವುದಿಲ್ಲ. ಅದರ ಬದಲು ಹತ್ತು ಹನ್ನೆರಡು ಜನರನ್ನೇ ಹಿಡಿದುಕೊಂಡು ಬೀಜ ಹಾಕುವುದರಿಂದ ಕೊಯ್ಲಿನ ತನಕ ವಾರವಾರ ಕರೆಯಿರಿ. ಭಾಷಣ ಬೇಡ, ಕೈಯಲ್ಲೇ ಕಲಿಸಿ. ನೀರು ಬೇಕಾ ಬೇಡವಾ ಅಂತ ನೋಡಲು ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಲಿ. ಮೇಲೆ ಒಣಗಿದ್ದು ಒಳಗೆ ತಂಪಿದ್ದರೆ ಆ ದಿನ ನೀರು ಬೇಡ. ಕಾಂಪೋಸ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಲಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಸುರಿದರೆ ಒಣ ಎಲೆ ಸೇರಿಸಬೇಕು. ರಾಶಿ ಉದ್ದ, ಅಗಲ, ಎತ್ತರ ಒಂದೊಂದು ಮೀಟರಾದರೂ ಇರಲಿ, ಚಿಕ್ಕದಾದರೆ ಒಳಗೆ ಬಿಸಿ ನಿಲ್ಲುವುದಿಲ್ಲ. ಮುಂದಿನ ತಂಡಕ್ಕೆ ಇವರೇ ಹೇಳಿಕೊಡಲಿ. ಯಾರು ನಿಜವಾಗಿ ಕಲಿತಿದ್ದಾರೆ ಅನ್ನೋದು ಆಗಲೇ ಗೊತ್ತಾಗೋದು, ಅಲ್ವಾ?

ದೇಣಿಗೆ ಬರತೊಡಗಿದಾಗ ನೋಂದಣಿ ಮಾಡಿಸಿ, ಸಂಸ್ಥೆಯ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಿರಿ. ವಿಲ್ ಅಲೆನ್ 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರು ಮಾಡಿದ ಗ್ರೋಯಿಂಗ್ ಪವರ್ ಅನ್ನುವ ನಗರ ಕೃಷಿ ಸಂಸ್ಥೆ ಕಾಂಪೋಸ್ಟಿಗೂ ತರಬೇತಿಗೂ ಹೆಸರುವಾಸಿಯಾಗಿತ್ತು, ಅವರಿಗೆ 2008ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಅನ್ನುವ ದೊಡ್ಡ ಗೌರವಧನವೂ ಸಿಕ್ಕಿತು. ಆದರೂ 2017ರಲ್ಲಿ ಸಾಲದ ಹೊರೆಯಲ್ಲೇ ಅದು ಮುಚ್ಚಿತು. ಹಾಗಾಗಿ ಗಿಡದ ಹುಚ್ಚು ಅಷ್ಟಾಗಿ ಇಲ್ಲದ, ಲೆಕ್ಕ ಬಲ್ಲ ಒಬ್ಬರನ್ನು ಖಜಾಂಚಿ ಮಾಡಿ, ಪ್ರತಿ ತಿಂಗಳ ಜಮಾ ಖರ್ಚನ್ನು ಎಲ್ಲರ ಮುಂದೆ ಓದಿಸಿ.