ಹಳೇ ರೋಡ್‌ಸ್ಟರ್‌ಗೆ ನಾನು ಮಾಡಿಸಿದ್ದು, ಮಾಡಿ ಬಿಟ್ಟಿದ್ದು

"ಪಿಇಎಂ ಬದಲಾಯಿಸದೆ ಈ ಗಾಡಿ ಬೇಸಿಗೆ ದಾಟಲ್ಲ" ಅಂತ ಹೇಳಿದವರು ಒಬ್ಬಿಬ್ಬರಲ್ಲ. ಗಾಡಿ ಅಂದರೆ ನನ್ನ ಟೆಸ್ಲಾ ಎಲೆಕ್ಟ್ರಿಕ್ ಕಾರು; ಪಿಇಎಂ ಅಂದರೆ ಬ್ಯಾಟರಿಯಿಂದ ಮೋಟರ್‌ಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆ. ಅದು ತುಂಬಾ ಬಿಸಿಯಾಗುತ್ತಿತ್ತು. ರೋಡ್‌ಸ್ಟರ್ ಇಟ್ಟುಕೊಂಡಿರುವ ಗೆಳೆಯರೂ ಹಾಗೇ ಅಂದರು. ರಿಪೇರಿಯವರು ಕೊಟ್ಟ ಲೆಕ್ಕ 10 ಸಾವಿರ ಡಾಲರ್ ಮೀರಿತ್ತು. ಈಗ ಅದೇ ಹಳೇ ಪಿಇಎಂ ಇಟ್ಟುಕೊಂಡೇ ಮಧ್ಯಾಹ್ನದ ಬಿಸಿಲಲ್ಲಿ ಗುಡ್ಡ ಹತ್ತುತ್ತೇನೆ. ಪವರ್ ಕಮ್ಮಿ ಆಗುವುದಿಲ್ಲ, ಎಚ್ಚರಿಕೆ ದೀಪವೂ ಬರುವುದಿಲ್ಲ. ಇದಕ್ಕೆ ಖರ್ಚಾಗಿದ್ದು ಸುಮಾರು 400 ಡಾಲರ್.

ನನ್ನದು 2010ರ ಟೆಸ್ಲಾ ರೋಡ್‌ಸ್ಟರ್, 53 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು. ಇದರಲ್ಲಿ ಬ್ಯಾಟರಿಯನ್ನು ತಂಪು ಮಾಡುವುದು ದ್ರವ, ಪಿಇಎಂ ಮತ್ತು ಮೋಟರನ್ನು ತಂಪು ಮಾಡುವುದು ಬರೀ ಗಾಳಿ. ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೂ ಗಾಡಿ ಬಿಸಿಯಾದಾಗ ಎಲ್ಲರೂ ಮೊದಲು ಎಲೆಕ್ಟ್ರಾನಿಕ್ಸ್ ಮೇಲೇ ಅನುಮಾನ ಪಡುತ್ತಾರೆ.

ನನ್ನ ಗಾಡಿಯಲ್ಲಿ ತೊಂದರೆ ಇದ್ದದ್ದು ಗಾಳಿ ಹೋಗುವ ದಾರಿಯಲ್ಲಿ. ಪಿಇಎಂ ಅನ್ನು ಜಾಗದಲ್ಲೇ ಇಟ್ಟು ಧೂಳು ತೆಗೆಯಲು ಏರ್ ಹೊಡೆದರೆ ಸಾಲದು. ನಾನು ಅದನ್ನೂ ನೋಡಿದ್ದೇನೆ. ಕೆಲವು ವಾರ ತಣ್ಣಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಕೊನೆಗೆ ಹೈ ವೋಲ್ಟೇಜ್ ಬೇರ್ಪಡಿಸಿ, ಕಾಯಬೇಕಾದಷ್ಟು ಹೊತ್ತು ಕಾದು, ಮೀಟರ್ ಇಟ್ಟು ನೋಡಿಯೇ ಪಿಇಎಂ ಕೆಳಗಿಳಿಸಿದೆವು. ಇಬ್ಬರು ಬೇಕು, ಭಾರ ಇದೆ. ಬಿಸಿಯನ್ನು ಗಾಳಿಗೆ ಬಿಡುವ ತೆಳು ಲೋಹದ ಪಟ್ಟಿಗಳಾದ ಫಿನ್‌ಗಳ ನಡುವೆ ಧೂಳು, ಕೂದಲು, ಒಣಗಿದ ಎಲೆಪುಡಿ ಎಲ್ಲ ಸೇರಿ ಕಂಬಳಿ ಹಾಗೆ ಒತ್ತಿಕೊಂಡಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಉದ್ದಕ್ಕೆ ಪಟ್ಟಿಯಾಗಿ ಬಂತು. ಹೊರಗಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ.

ದುಡ್ಡು ಹೋಗಿದ್ದು ಪಿಇಎಂಗೆ ಗಾಳಿ ಹೊಡೆಯುವ ಫ್ಯಾನ್‌ನಲ್ಲಿ. ಹಳೆಯದರ ಬೇರಿಂಗ್ ಸವೆದಿತ್ತು. ಅಗ್ಗದ್ದೊಂದು ತಂದೆ, ಸುಮಾರು 60 ಡಾಲರ್. ಡಬ್ಬಿಯ ಮೇಲೆ ಬರೆದಿದ್ದ ಗಾಳಿಯ ಪ್ರಮಾಣ ಹಳೆಯದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಅದು ತೆರೆದ ಜಾಗದ ಲೆಕ್ಕ. ಕಿರಿದಾದ ಫಿನ್‌ಗಳ ಎದುರು ಫ್ಯಾನ್ ಸದ್ದು ಮಾಡುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ನೋಡಬೇಕಾದ್ದು ಸ್ಟ್ಯಾಟಿಕ್ ಪ್ರೆಶರ್, ಅಂದರೆ ಅಡ್ಡಿ ಇದ್ದರೂ ಗಾಳಿಯನ್ನು ತಳ್ಳುವ ಒತ್ತಡ. ಅದು ಜಾಸ್ತಿ ಇರುವ ಬ್ಲೋವರ್‌ಗೆ ಹೆಚ್ಚುಕಮ್ಮಿ 200 ಆಯಿತು. ಉಳಿದದ್ದು ಡಕ್ಟ್, ಅಂದರೆ ಗಾಳಿ ಹೋಗುವ ಕೊಳವೆಯ ಕೆಲಸಕ್ಕೆ. ಡಕ್ಟ್ ಸೇರುವ ಕಡೆಗಳಲ್ಲಿ ಗಾಳಿ ಸೋರುತ್ತಿತ್ತು. ಅಲ್ಲಿ ಹಾಕಿದ ಸೀಲ್‌ನಿಂದಲೇ ಅರ್ಧ ಲಾಭ ಬಂತು ಅಂತ ನನ್ನ ಅಂದಾಜು. ಯಾವ ಸೀಲ್, ಹೇಗೆ ಕತ್ತರಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅಂದಾಜು ಅಂದೆ, ಆದರೆ ಸುಮ್ನೆ ಹೇಳುತ್ತಿಲ್ಲ. ಗಾಡಿಯ ಸ್ಥಿತಿಯನ್ನು ದೂರದಿಂದಲೇ ತೋರಿಸುವ ಓವಿಎಂಎಸ್ ಅನ್ನೋ ಪೆಟ್ಟಿಗೆ ಹಾಕಿದ್ದೇನೆ, ಅದರಲ್ಲಿ ಪಿಇಎಂ, ಮೋಟರ್, ಬ್ಯಾಟರಿ ಮೂರರ ಬಿಸಿಯೂ ಫೋನ್‌ನಲ್ಲೇ ಕಾಣುತ್ತದೆ. ಅದೇ ಗುಡ್ಡ, ಅದೇ ವೇಗ, ಹೆಚ್ಚುಕಮ್ಮಿ ಅಷ್ಟೇ ಸೆಕೆ. ಪಿಇಎಂ ಮೊದಲಿಗಿಂತ 15 ಡಿಗ್ರಿಯಷ್ಟು ತಣ್ಣಗಿದೆ. ಅನುಮಾನ ಪಟ್ಟವರಿಗೆ ನಾನು ತೋರಿಸಿದ್ದು ಈ ಗ್ರಾಫನ್ನೇ. ಓವಿಎಂಎಸ್ 2011ರಲ್ಲಿ ರೋಡ್‌ಸ್ಟರ್ ಮಾಲೀಕರಿಂದಲೇ ಶುರುವಾದದ್ದು. ಹಳೇ ಪೆಟ್ಟಿಗೆಗಳು 2ಜಿ ನೆಟ್‌ವರ್ಕ್ ನಿಂತ ಮೇಲೆ ಮೂಕವಾದವು. ಮೂರನೇ ಆವೃತ್ತಿಯದ್ದನ್ನೇ ತಗೊಳ್ಳಿ, ವೈ-ಫೈ ಕೂಡ ಇದೆ. ಈ ಗಾಡಿಗೆ ಒಂದೇ ಒಂದು ವಸ್ತು ಕೊಳ್ಳಿ ಅಂದರೆ ನಾನು ಹೇಳುವುದು ಇದನ್ನೇ. ನಿಂತ ಗಾಡಿಯ ಬ್ಯಾಟರಿ ಪೂರ್ತಿ ಇಳಿದುಹೋದರೆ ಪ್ಯಾಕ್ ಸತ್ತೇ ಹೋಗಬಹುದು. ಚಾರ್ಜ್ ಇಳಿಯುತ್ತಿದೆ ಅಂತ ಇದು ಮೆಸೇಜ್ ಕಳಿಸುತ್ತದೆ.

ಎರಡನೆಯದು ಜೆ1772 ಅಡಾಪ್ಟರ್. ಜೆ1772 ಅಂದರೆ ಅಮೆರಿಕದ ಹೊರಗಿನ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಇರುವ ಪ್ಲಗ್. ರೋಡ್‌ಸ್ಟರ್‌ನ ಪ್ಲಗ್ಗೇ ಬೇರೆ, ಅಡಾಪ್ಟರ್ ಇಲ್ಲದೆ ಹೊರಗೆ ಚಾರ್ಜ್ ಮಾಡೋದು ಕಷ್ಟ. ಗಾಡಿ 240 ವೋಲ್ಟ್‌ನಲ್ಲಿ 70 ಆಂಪ್ಸ್ ತನಕ ತಗೊಳ್ಳುತ್ತದೆ. ಹಾಗಾಗಿ 70 ಆಂಪ್ಸ್ ತಡೆಯುವುದನ್ನೇ ಕೊಳ್ಳಿ. 30ರದ್ದು ಅಗ್ಗ ಅಂತ ತಂದವರ ಅಡಾಪ್ಟರ್‌ನ ಪಿನ್ ಸುತ್ತ ಪ್ಲಾಸ್ಟಿಕ್ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಜೊತೆಗೊಂದು ಚಿಕ್ಕ ಬೀಗವೂ ಇರಲಿ. ಕದ್ದುಹೋದರೆ ಇನ್ನೊಂದು ಸಿಗುವುದು ಸುಲಭವಿಲ್ಲ.

ಟೈರ್ ಪ್ರಯೋಗದ ಕಥೆ ಬೇರೆ. ಕಂಪನಿ 2014ರ ಕೊನೆಗೆ 3.0 ಅಪ್‌ಗ್ರೇಡ್ ಘೋಷಿಸಿದಾಗ ದೊಡ್ಡ ಬ್ಯಾಟರಿ ಜೊತೆಗೆ ಸುಲಭವಾಗಿ ಉರುಳುವ ಟೈರ್ ವಿಷಯವನ್ನೂ ಹೇಳಿತ್ತು. ಬ್ಯಾಟರಿಗೆ 29 ಸಾವಿರ ಡಾಲರ್ ಕೊಡುವ ಮನಸ್ಸಿರಲಿಲ್ಲ, ಟೈರ್ ಮಾತ್ರ ನೋಡೋಣ ಅನ್ನಿಸಿತು. ಮುಂದೆ 175/55 ಆರ್16, ಹಿಂದೆ 225/45 ಆರ್17. ಮುಂದಿನ ಅಳತೆ ಹುಡುಕುವುದರಲ್ಲೇ ಸಾಕಾಯಿತು. ಒಂದು ಚಾರ್ಜ್‌ಗೆ 15–20 ಮೈಲಿ ಜಾಸ್ತಿ ಸಿಕ್ಕಿದ್ದು ನಿಜ. ಆದರೆ ತಿರುವಿನಲ್ಲಿ ಹಿಂದಿನ ಚಕ್ರ ಮೊದಲಿನಂತೆ ರಸ್ತೆ ಕಚ್ಚುತ್ತಿರಲಿಲ್ಲ. ಈ ಗಾಡಿ ಕೊಂಡಿದ್ದೇ ತಿರುವಿಗಾಗಿ. ಮತ್ತೆ ಮೆದು ಟೈರ್‌ಗೇ ಬಂದೆ. ಹಿಂದಿನ ಜೋಡಿ ಬೇಗ ಸವೆಯುತ್ತದೆ, ಸವೆಯಲಿ.

ಎಲ್‌ಇಡಿ ದೀಪ, ಹೊಸ ಸ್ಟೀರಿಯೊಗೆ ಹಾಕಿದ ದುಡ್ಡಿಗೆ ಅಂಥ ಬೆಲೆ ಸಿಗಲಿಲ್ಲ. ಮೋಟರ್ ಕಡೆಯ ಬ್ಲೋವರ್ ಇನ್ನೂ ಹಳೆಯದೇ ಇದೆ. ಚಳಿ ಮುಗಿಯುವ ಮೊದಲು ಅದನ್ನೂ ಬದಲಾಯಿಸಿ, ಗ್ರಾಫ್ ತೆಗೆದಿಡುತ್ತೇನೆ.