ಅಳತೆ ಮತ್ತು ಭೌತಶಾಸ್ತ್ರದ ಇಂಗ್ಲಿಷ್ ಪದಗಳನ್ನು ಏಕಮಾನದೊಂದಿಗೆ ಕಲಿಯುವ ಬಗೆ

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೆಯ ತರಗತಿಯಲ್ಲಿ, ವಿಜ್ಞಾನವನ್ನು ಆರಿಸಿಕೊಳ್ಳುವ ಮಕ್ಕಳಿಗೆ, ತಾವು ಕನ್ನಡದಲ್ಲಿ ಓದಿ ತಿಳಿದಿದ್ದ ವಿಷಯವೇ ಇಂಗ್ಲಿಷ್ ಹೆಸರಿನಲ್ಲಿ ಎದುರಾದಾಗ ಅಪರಿಚಿತವೆನಿಸುತ್ತದೆ. ನಿಘಂಟು ನೋಡಿ ಅರ್ಥ ಬರೆದುಕೊಂಡರೂ ಗೊಂದಲ ಪೂರ್ತಿ ನೀಗುವುದಿಲ್ಲ, ಏಕೆಂದರೆ ಫೋರ್ಸ್, ಎನರ್ಜಿ, ಪವರ್ ಎಂಬ ಮೂರಕ್ಕೂ ಆಡುಮಾತಿನಲ್ಲಿ ‘ಶಕ್ತಿ’ ಎಂದರೆ ನಡೆದುಹೋಗುತ್ತದೆ. ಭೌತಶಾಸ್ತ್ರದಲ್ಲಿ ಅದು ನಡೆಯದು. ಆದ್ದರಿಂದ ಪ್ರತಿಯೊಂದು ಪದವನ್ನೂ ಅದರ ಏಕಮಾನದ ಜೊತೆಗೇ ಬರೆದುಕೊಳ್ಳುವುದು ಉತ್ತಮ.

ಫೋರ್ಸ್ ಎಂದರೆ ಬಲ, ಅದರ ಏಕಮಾನ ನ್ಯೂಟನ್. ಪ್ರೆಶರ್ ಎಂದರೆ ಒತ್ತಡ. ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಅದು ಒಂದು ಪ್ಯಾಸ್ಕಲ್. ಎನರ್ಜಿ ಎಂದರೆ ಶಕ್ತಿ, ಅದನ್ನು ಜೂಲ್‌ನಲ್ಲಿ ಅಳೆಯುತ್ತಾರೆ. ಪವರ್ ಎಂದರೆ ಸಾಮರ್ಥ್ಯ, ಅಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಜೂಲ್ ವ್ಯಯವಾಗುತ್ತದೆ ಎಂಬ ಲೆಕ್ಕ; ಅದರ ಏಕಮಾನ ವಾಟ್.

ಕೊನೆಯ ಎರಡು ಪದಗಳನ್ನು ಮನದಟ್ಟು ಮಾಡಿಕೊಳ್ಳಲು ಅಡಿಕೆ ತೋಟದ ಪಂಪಿನ ಮೇಲಿರುವ ತಗಡಿನ ಪಟ್ಟಿಗಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಅದರಲ್ಲಿ ಎಚ್‌ಪಿ, ಅಂದರೆ ಹಾರ್ಸ್‌ಪವರ್, ಎಂದಿರುವುದು ಸಾಮರ್ಥ್ಯ. ಒಂದು ಎಚ್‌ಪಿ ಎಂದರೆ ಸುಮಾರು 746 ವಾಟ್. ಹೆಡ್ ಎಂದಿರುವುದು ನೀರನ್ನು ಎಷ್ಟು ಮೀಟರ್ ಎತ್ತರಕ್ಕೆ ಏರಿಸಬಹುದು ಎಂಬುದನ್ನೂ, ಡಿಸ್‌ಚಾರ್ಜ್ ಎಂದಿರುವುದು ಸೆಕೆಂಡಿಗೋ ನಿಮಿಷಕ್ಕೋ ಎಷ್ಟು ಲೀಟರ್ ನೀರು ಹೊರಬರುತ್ತದೆ ಎಂಬುದನ್ನೂ ಹೇಳುತ್ತದೆ. ಸೆಕೆಂಡಿಗೆ ಒಂದು ಲೀಟರಿನಂತೆ 20 ಮೀಟರ್ ಮೇಲಕ್ಕೆ ನೀರೆತ್ತಲು ಸುಮಾರು 196 ವಾಟ್ ಸಾಕು. ಘರ್ಷಣೆ ಮತ್ತು ಬಿಸಿಯ ರೂಪದಲ್ಲಿ ನಷ್ಟವಾಗುವುದರಿಂದ ಪಂಪಿಗೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಕರೆಂಟ್ ಬಿಲ್ಲಿನಲ್ಲಿ ಯೂನಿಟ್ ಎಂದು ಬರೆಯುವುದಾದರೋ ಎನರ್ಜಿಯ ಲೆಕ್ಕ. ಸಾವಿರ ವಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಅಂದರೆ 36 ಲಕ್ಷ ಜೂಲ್.

ಮಾಸ್ ಮತ್ತು ವೆಯ್ಟ್ ಎರಡಕ್ಕೂ ತೂಕವೆಂದು ಬರೆಯುವ ಅಭ್ಯಾಸವನ್ನು ಆರಂಭದಲ್ಲೇ ಬಿಡಬೇಕು. ಮಾಸ್ ಎಂದರೆ ದ್ರವ್ಯರಾಶಿ, ಏಕಮಾನ ಕಿಲೋಗ್ರಾಂ. ವೆಯ್ಟ್ ಎಂಬುದು ಭೂಮಿ ಸೆಳೆಯುವ ಬಲವಾದ್ದರಿಂದ ಅದರ ಏಕಮಾನ ನ್ಯೂಟನ್. 50 ಕಿಲೋ ಅಡಿಕೆ ಮೂಟೆಯ ತೂಕ ಸುಮಾರು 490 ನ್ಯೂಟನ್. ಚಂದ್ರನ ಮೇಲೆ ದ್ರವ್ಯರಾಶಿ ಅಷ್ಟೇ ಇದ್ದು, ತೂಕ ಮಾತ್ರ ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಏಕಮಾನ ಒಂದೇ ಆಗಿರುವಲ್ಲಿ ಈ ಕ್ರಮ ಸಾಲದು. ಅಲ್ಲಿ ದಿಕ್ಕನ್ನು ಹೇಳಬೇಕೇ ಎಂದು ಕೇಳಿಕೊಳ್ಳಿ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗಿ ಹೊರಟಲ್ಲಿಗೇ ಮರಳಿದರೆ ಡಿಸ್ಟೆನ್ಸ್, ಅಂದರೆ ಕ್ರಮಿಸಿದ ದೂರ, ಕಿಲೋಮೀಟರುಗಳಷ್ಟಿದ್ದರೂ ಡಿಸ್‌ಪ್ಲೇಸ್‌ಮೆಂಟ್, ಅಂದರೆ ಸ್ಥಾನಪಲ್ಲಟ, ಸೊನ್ನೆ. ಸ್ಪೀಡ್ ಮತ್ತು ವೆಲಾಸಿಟಿಗೂ ಇದೇ ಅಂತರ. ಮೊದಲನೆಯದನ್ನು ಜವ, ದಿಕ್ಕುಳ್ಳ ಎರಡನೆಯದನ್ನು ವೇಗ ಎಂದು ಬರೆದುಕೊಳ್ಳಿ.

ಪ್ರಯೋಗಾಲಯದಲ್ಲಿ ತೊಡಕಾಗುವ ಜೋಡಿ ಆಕ್ಯುರೆಸಿ ಮತ್ತು ಪ್ರಿಸಿಷನ್. 50 ಕಿಲೋದ ಮೂಟೆಯನ್ನು ಎಷ್ಟು ಸಲ ಇಟ್ಟರೂ ತಕ್ಕಡಿ 51.2 ಎಂದೇ ತೋರಿಸಿದರೆ ಅಳತೆಗಳು ಪರಸ್ಪರ ಹೊಂದುತ್ತವೆ, ಅದು ಪ್ರಿಸಿಷನ್. ನಿಜವಾದ ಅಳತೆಗೆ ಹತ್ತಿರವಿಲ್ಲದ್ದರಿಂದ ಆಕ್ಯುರೆಸಿ ಇಲ್ಲ. ಲೀಸ್ಟ್ ಕೌಂಟ್ ಎಂಬುದು ಉಪಕರಣ ಅಳೆಯಬಲ್ಲ ಅತಿ ಚಿಕ್ಕ ಅಳತೆ. ಸಣ್ಣ ವಸ್ತುಗಳ ಉದ್ದ, ದಪ್ಪಗಳನ್ನು ಅಳೆಯುವ ಉಪಕರಣಗಳ ಪೈಕಿ, ಸಾಮಾನ್ಯವಾಗಿ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅದು 0.1 ಮಿಲಿಮೀಟರ್, ಸ್ಕ್ರೂ ಗೇಜ್‌ನಲ್ಲಿ 0.01 ಮಿಲಿಮೀಟರ್ ಇರುತ್ತದೆ; ಉಪಕರಣವನ್ನು ಕೈಗೆತ್ತಿಕೊಂಡ ಕೂಡಲೇ ಇದನ್ನು ಲೆಕ್ಕಹಾಕಿ ಪುಟದ ಮೇಲ್ತುದಿಯಲ್ಲಿ ಬರೆದು, ಆಮೇಲೆ ಅಳತೆಗೆ ತೊಡಗಬೇಕು.