ಗೆಳೆತನ ಮೊದಲೋ, ಕುಡಿತ ಮೊದಲೋ: ಆರ್‌ಸಿಯೆನಾ ಬಳಸಿದ ನನ್ನ ಅನುಭವ

ಗೆಳತಿಯರು ಕುಡಿಯುತ್ತಾರೆ ಅಂತ ಇವಳೂ ಕುಡಿದಳಾ, ಇಲ್ಲ ಕುಡಿಯುವವರೇ ಒಬ್ಬರನ್ನೊಬ್ಬರು ಹುಡುಕಿಕೊಂಡು ಗೆಳತಿಯರಾದರಾ? ಒಂದೇ ಸಲದ ಸಮೀಕ್ಷೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬಿಡಿಸಬೇಕಾದರೆ ಅದೇ ಜನರನ್ನು ಮತ್ತೆ ಮತ್ತೆ ಕೇಳಿರಬೇಕು.

ಇಂಥ ಡೇಟಾದಿಂದ ಗೆಳೆತನದ ಜಾಲ ಮತ್ತು ನಡವಳಿಕೆ ಒಟ್ಟಿಗೆ ಹೇಗೆ ಬದಲಾಗುತ್ತವೆ ಅಂತ ಅಂದಾಜಿಸುವ ಆರ್ ಭಾಷೆಯ ಪ್ಯಾಕೇಜ್ ಆರ್‌ಸಿಯೆನಾ. ನಾನು ಕೈ ಪಳಗಿಸಿದ್ದು ಅದರ ಜೊತೆಗೇ ಬರುವ ಎಸ್50 ಡೇಟಾದಲ್ಲಿ. ಪಶ್ಚಿಮ ಸ್ಕಾಟ್ಲೆಂಡ್‌ನ 50 ಶಾಲಾ ಹುಡುಗಿಯರು, 1995ರಿಂದ 1997ರ ನಡುವೆ ಮೂರು ಸುತ್ತು. ಯಾರು ಯಾರನ್ನು ಗೆಳತಿ ಅಂದರು ಅನ್ನುವುದರ ಜೊತೆಗೆ ಕುಡಿತದ ಲೆಕ್ಕವೂ ಇದೆ: 1 ಅಂದರೆ ಕುಡಿಯುವುದೇ ಇಲ್ಲ, 5 ಅಂದರೆ ವಾರಕ್ಕೆ ಒಂದಕ್ಕಿಂತ ಜಾಸ್ತಿ ಸಲ.

ಮಾಡೆಲ್ ಓಡಿಸುವ ಮುಂಚೆ ಎಷ್ಟು ಬದಲಾಗಿದೆ ಅಂತ ನೋಡಿ. ಮೊದಲ ಸುತ್ತಿನಲ್ಲಿ 113 ಗೆಳೆತನ, ಎರಡನೆಯದರಲ್ಲಿ 116. ಏನೂ ಆಗಿಲ್ಲ ಅನ್ನಿಸುತ್ತದೆ, ಅಲ್ವಾ? ಒಳಗೆ ನೋಡಿದರೆ ಉಳಿದದ್ದು 57, ಮುರಿದದ್ದು 56, ಹೊಸದು 59. 57ನ್ನು ಈ ಮೂರರ ಮೊತ್ತ 172ರಿಂದ ಭಾಗಿಸಿದರೆ ಜಕಾರ್ಡ್ ಸೂಚ್ಯಂಕ, ಅಂದರೆ ಎರಡು ಸುತ್ತುಗಳ ಜಾಲ ಎಷ್ಟು ಹೋಲುತ್ತದೆ ಅನ್ನುವ ಅಳತೆ, 0.33. ಇದು 0.3ರ ಮೇಲಿದ್ದರೆ ಧೈರ್ಯವಾಗಿ ಮುಂದುವರಿಯಬಹುದು, ತುಂಬಾ ಕೆಳಗಿದ್ದರೆ ಎರಡು ಸುತ್ತುಗಳ ನಡುವೆ ಅಂತರ ಜಾಸ್ತಿಯಾಯಿತು ಅಂತ ಅರ್ಥ.

ಆರ್‌ಸಿಯೆನಾದ ಹಿಂದಿರುವ, ಸಂಖ್ಯಾಶಾಸ್ತ್ರಜ್ಞ ಟಾಮ್ ಸ್ನೈಡರ್ಸ್ ಅವರ ಈ ಮಾಡೆಲ್‌ನಲ್ಲಿ ನನಗೆ ಹಿಡಿಸಿದ್ದು ಒಂದೇ ವಿಷಯ. ನಮ್ಮ ಕೈಯಲ್ಲಿರುವುದು ಮೂರು ಚಿತ್ರ ಮಾತ್ರ, ನಡುವೆ ಒಂದು ಸಲಕ್ಕೆ ಒಬ್ಬಳು ಒಂದೇ ಹೆಜ್ಜೆ ಇಡುತ್ತಾಳೆ, ಒಂದು ಗೆಳೆತನ ಕಟ್ಟುತ್ತಾಳೆ ಅಥವಾ ಬಿಡುತ್ತಾಳೆ ಅಥವಾ ಕುಡಿತದಲ್ಲಿ ಒಂದು ಮೆಟ್ಟಿಲು ಹತ್ತುತ್ತಾಳೋ ಇಳಿಯುತ್ತಾಳೋ, ಇಲ್ಲವೇ ಸುಮ್ನೆ ಇರುತ್ತಾಳೆ, ಅಂತ ಇಟ್ಟುಕೊಂಡು ಪ್ರೋಗ್ರಾಂ ಆ ನಡುವಿನ ಕಾಲವನ್ನು ಸಿಮ್ಯುಲೇಟ್ ಮಾಡುತ್ತದೆ. ಹಾಗಾಗಿ ಆಯ್ಕೆಗೆ (ತನ್ನಂತೆ ಕುಡಿಯುವವರನ್ನೇ ಗೆಳತಿ ಮಾಡಿಕೊಳ್ಳುವುದು) ಒಂದು ಸಂಖ್ಯೆ, ಪ್ರಭಾವಕ್ಕೆ (ಗೆಳತಿಯರನ್ನು ನೋಡಿ ಕುಡಿತ ಬದಲಾಗುವುದು) ಇನ್ನೊಂದು.

ಔಟ್‌ಪುಟ್ ಬಂದ ಕೂಡಲೇ ಯಾವ ಫಲಿತಾಂಶ ಸಂಖ್ಯಾಶಾಸ್ತ್ರದ ಪ್ರಕಾರ ಗಮನಾರ್ಹ ಅಂತ ತೋರಿಸುವ ನಕ್ಷತ್ರ ಚಿಹ್ನೆ ಹುಡುಕಬೇಡಿ. ಮೊದಲು ಕನ್ವರ್ಜೆನ್ಸ್, ಅಂದರೆ ಅಂದಾಜು ಒಂದು ಕಡೆ ನೆಲೆ ನಿಂತಿತಾ ಅನ್ನುವುದು: ಸಿಮ್ಯುಲೇಶನ್ ನಿಜವಾದ ಡೇಟಾದಿಂದ ಎಷ್ಟು ದೂರ ಅಂತ ಹೇಳುವ ಪ್ರತಿ ಟಿ-ಅನುಪಾತ (ಪ್ಲಸ್-ಮೈನಸ್ ಚಿಹ್ನೆ ಬಿಟ್ಟು) 0.1ಕ್ಕಿಂತ ಕಡಿಮೆ, ಒಟ್ಟಾರೆ ಗರಿಷ್ಠ 0.25ಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಹಿಂದಿನ ಉತ್ತರದಿಂದಲೇ ಶುರುವಾಗುವಂತೆ ಮತ್ತೆ ಓಡಿಸಿ. ಆಮೇಲೆ ಫಿಟ್: ಸಿಮ್ಯುಲೇಟ್ ಆದ ಜಾಲಗಳಲ್ಲಿ ಒಬ್ಬೊಬ್ಬರನ್ನು ಎಷ್ಟು ಜನ ಹೆಸರಿಸಿದರು, ಮೂವರ ಗುಂಪುಗಳು ಎಷ್ಟು ಅನ್ನುವುದು ನಿಜವಾದ ಡೇಟಾಗೆ ಹೊಂದುತ್ತದಾ ಅಂತ. ಇಲ್ಲಿ ಪಿ-ಮೌಲ್ಯ ಚಿಕ್ಕದಾದರೆ ಕೆಟ್ಟ ಸುದ್ದಿ, ಮಾಡೆಲ್ ಡೇಟಾಗೆ ಹೊಂದುತ್ತಿಲ್ಲ ಅಂತ ಅರ್ಥ.

ನನಗೆ ಪರಸ್ಪರತೆಯ ಅಂದಾಜು 2ಕ್ಕಿಂತ ಮೇಲೆ ಬಂತು. ಈ ಸಂಖ್ಯೆ ಲಾಗ್ ಅಳತೆಯಲ್ಲಿರುವುದರಿಂದ ಬಿಡಿಸಿದರೆ ಹೀಗೆ: ಅವಳು ನಿನ್ನನ್ನು ಗೆಳತಿ ಅಂದಿದ್ದರೆ ನೀನೂ ಅನ್ನುವ ಆಡ್ಸ್ ಏಳು ಪಟ್ಟಿಗಿಂತ ಜಾಸ್ತಿ. ಕುಡಿತದ ಪ್ರಭಾವವೂ ಧನಾತ್ಮಕವೇ, ಆದರೆ ಸ್ಟ್ಯಾಂಡರ್ಡ್ ಎರರ್ ದೊಡ್ಡದು, ಅಂದರೆ ಅಂದಾಜು ಅಷ್ಟು ಖಚಿತವಲ್ಲ. ಈ 50 ಜನ 160 ಮಕ್ಕಳ ಗುಂಪಿನ ಒಂದು ತುಣುಕು, ಹೊರಗಿನ ಗೆಳೆಯರೆಲ್ಲ ಬಿಟ್ಟುಹೋಗಿದ್ದಾರೆ. ಕಲಿಯೋಕೆ ಚೆನ್ನಾಗಿದೆ, ಹದಿಹರೆಯದವರ ಕುಡಿತದ ಬಗ್ಗೆ ಮಾತಾಡೋಕೆ ಪೂರ್ತಿ ಡೇಟಾವನ್ನೇ ತೆಗೆದುಕೊಳ್ಳಿ.